ಒಂಟಿ ಎನ್ನುವುದಕ್ಕೆ ಮೊದಲು

ಹಾನ್ಲೆಗೆ ಹೊರಡುವವರೆಲ್ಲ ಅಮಾವಾಸ್ಯೆ ನೋಡಿಕೊಂಡು ಹೊರಡುತ್ತಾರೆ. ನಾನು ಹುಣ್ಣಿಮೆ ನೋಡಿಕೊಂಡು ಹೊರಟಿದ್ದೆ. ಲೇಹ್‌ನಲ್ಲಿ ಗಾಡಿ ಹತ್ತುವಾಗ ಚಾಲಕ ತಾರೀಖನ್ನು ಮತ್ತೆ ಮತ್ತೆ ಕೇಳಿದ. ಚಂದ್ರ ಇರುವಾಗ ಅಲ್ಲಿ ಆಕಾಶಗಂಗೆ ಕಾಣುವುದಿಲ್ಲ, ಅಷ್ಟು ದೂರ ಬಂದವರು ಬೇಸರಪಟ್ಟುಕೊಂಡು ಹೋಗುತ್ತಾರೆ, ಸ್ವಲ್ಪ ದಿನ ತಡೆದು ಹೋಗಬಾರದೇ ಎಂದು ಹಿಂದಿಯಲ್ಲಿ ಹೇಳಿದ. ಅವನ ಕಾಳಜಿ ಮನಸ್ಸಿಗೆ ಹಿಡಿಸಿತು. ಆದರೆ ನಾನು ನೋಡಬೇಕೆಂದಿದ್ದದ್ದು ಆಕಾಶಗಂಗೆಯನ್ನಲ್ಲ, ಅಲ್ಲಿ ನಡೆಯುವ ಒಂದು ಕೆಲಸವನ್ನು. ಬೆಳದಿಂಗಳ ರಾತ್ರಿಗಳು ಆ ಕೆಲಸಕ್ಕೆ ಅಡ್ಡಿಯಲ್ಲ.

ಅದರ ಬಗ್ಗೆ ನನಗೆ ಮೊದಲು ಹೇಳಿದವಳು ಬೆಂಗಳೂರಿನಲ್ಲಿ ಖಗೋಳ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ಒಬ್ಬ ಹುಡುಗಿ. ನಮ್ಮ ಆಕಾಶಗಂಗೆಯ ಹೊರವಲಯದಲ್ಲಿ ಬಹಳ ವಯಸ್ಸಾದ ನಕ್ಷತ್ರಗಳಿವೆ. ಅವು ಹುಟ್ಟುವ ಕಾಲಕ್ಕೆ ವಿಶ್ವದಲ್ಲಿ ಕಬ್ಬಿಣ ಇನ್ನೂ ಹೆಚ್ಚು ತಯಾರಾಗಿರಲಿಲ್ಲ. ಹಾಗಾಗಿ ಅವುಗಳಲ್ಲಿರುವ ಕಬ್ಬಿಣ ಸೂರ್ಯನದರ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು, ಅಪರೂಪಕ್ಕೆ ಲಕ್ಷದಲ್ಲಿ ಒಂದು ಪಾಲು. ಎಲ್ಲದರಲ್ಲೂ ಇಷ್ಟು ಬಡವಾದ ಈ ನಕ್ಷತ್ರಗಳಲ್ಲಿ ಕೆಲವದರಲ್ಲಿ ಇಂಗಾಲ ಮಾತ್ರ ಧಾರಾಳವಾಗಿದೆ. ಕಬ್ಬಿಣ ಕಡಿಮೆಯಾದಷ್ಟೂ ಇಂಥವುಗಳ ಪ್ರಮಾಣ ಹೆಚ್ಚುತ್ತಾ ಹೋಗುತ್ತದೆ. ಆ ಇಂಗಾಲ ಅವಕ್ಕೆ ಎಲ್ಲಿಂದ ಬಂತು? ಪಕ್ಕದಲ್ಲಿ ನಮಗೆ ಕಾಣದ ಸಂಗಾತಿ ಒಂದಿದ್ದು ಅದು ಕೊಟ್ಟಿತೇ, ಅಥವಾ ಹುಟ್ಟುವಾಗಲೇ ಇತ್ತೇ? ಆಕೆಯ ಪಿಎಚ್‌ಡಿ ಈ ಪ್ರಶ್ನೆಯ ಸುತ್ತಲೇ ಇದೆ. "ನೀವು ಬೆಟ್ಟಕ್ಕೆ ಹೋಗಿ ನೋಡಿ ಬನ್ನಿ ಮೇಡಂ, ನಾವು ಹೊಸಕೋಟೆಯಲ್ಲೇ ಕೂತಿರ್ತೀವಿ" ಎಂದಳು.

ನಿಜವೇ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ರಾತ್ರಿಯೆಲ್ಲ ತಿರುಗಿಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಅದನ್ನು ಬೆಸೆಯುವುದು ಉಪಗ್ರಹ ಸಂಪರ್ಕ. ನಾನು ಹುಟ್ಟಿ ಬೆಳೆದದ್ದು ಚಿಂತಾಮಣಿ ಕಡೆ. ಹೊಸಕೋಟೆಯ ಮೇಲೆ ಹಾದುಹೋಗದೆ ನಮಗೆ ಬೆಂಗಳೂರೇ ಇಲ್ಲ. ಬೆಳಗಿನ ಜಾವದಲ್ಲಿ ಬಿರಿಯಾನಿಗೆ ಸಾಲುಗಟ್ಟಿ ನಿಲ್ಲುವ ಆ ಊರಿನಲ್ಲಿ ಅದೇ ಹೊತ್ತಿಗೆ ಯಾರೋ ಲಡಾಖಿನ ಆಕಾಶದ ಕೆಲಸ ಮುಗಿಸಿ ಏಳುತ್ತಾರೆಂಬುದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಉಪ್ಶಿಯ ನಂತರ ಲೋಮಾದವರೆಗೆ ರಸ್ತೆ ಸಿಂಧೂ ನದಿಯನ್ನು ಬಿಡುವುದೇ ಇಲ್ಲ. ಅಕ್ಟೋಬರಿನ ಸಿಂಧೂ ತಿಳಿ ಹಸಿರು, ಸದ್ದು ಕಡಿಮೆ. ಎರಡೂ ಕಡೆ ಬೆಟ್ಟಗಳು ಹುಲ್ಲುಕಡ್ಡಿಯೂ ಇಲ್ಲದೆ ಬೋಳಾಗಿ ನಿಂತಿವೆ, ಒಂದು ನೇರಳೆ, ಒಂದು ತುಕ್ಕು ಕೆಂಪು, ಒಂದರ ಮೈಗೆ ಪಾಚಿ ಬಣ್ಣ. ನಮ್ಮ ಕೋಲಾರದ ಬಂಡೆಗಳೂ ಬೋಳೇ, ಆದರೆ ಅವುಗಳ ಸಂದಿಯಲ್ಲಿ ಒಂದಾದರೂ ಗೋಣಿ ಮರ, ಒಂದಿಷ್ಟು ಸೀತಾಫಲದ ಗಿಡ ಇರುತ್ತವೆ. ಕಣ್ಣಿಗೆ ಅಳತೆ ಸಿಗುತ್ತದೆ. ಇಲ್ಲಿ ಅಳತೆಯೇ ಸಿಗುವುದಿಲ್ಲ. ಹತ್ತಿರ ಎಂದುಕೊಂಡ ಗುಡ್ಡ ಗಂಟೆಗಟ್ಟಲೆ ಹಾಗೆಯೇ ಇರುತ್ತದೆ. ಚುಮಾಥಾಂಗ್‌ನಲ್ಲಿ ನದಿಯ ದಂಡೆಯಲ್ಲೇ ಬಿಸಿನೀರಿನ ಬುಗ್ಗೆಗಳು. ಅಲ್ಲಿ ಕೈ ತೊಳೆದು ಬಿಸಿ ಬಿಸಿ ಥುಕ್ಪಾ ಕುಡಿದೆವು. ಲೋಮಾದ ತಪಾಸಣಾ ಠಾಣೆ ದಾಟಿ ನದಿ ಬಿಟ್ಟ ಮೇಲೆ ಬಯಲು ತೆರೆದುಕೊಂಡಿತು. ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡೊಂದು ಗಾಡಿಯ ಜೊತೆಜೊತೆಗೆ ಸ್ವಲ್ಪ ದೂರ ಓಡಿ ಏನೋ ನೆನಪಾದಂತೆ ತಟಕ್ಕನೆ ನಿಂತಿತು.

ಉಳಿದುಕೊಂಡ ಮನೆಯ ಹಿರಿಯ ಹೆಂಗಸನ್ನು ಎಲ್ಲರೂ ಆಮಾ-ಲೇ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಒಳಗೆ ಕಾಲಿಟ್ಟೊಡನೆ 'ಜೂಲೇ' ಎಂದು ಕೈಗೆ ಉಪ್ಪು-ಬೆಣ್ಣೆಯ ಚಹಾ ಕೊಟ್ಟು, ಬೇಗ ಬೇಗ ನಡೆಯಬೇಡ, ಮಾತು ಕಡಿಮೆ ಮಾಡು, ನೀರು ಕುಡಿ ಎಂದರು. ಒಲೆಯ ಬದಿಯಲ್ಲಿ ಕೂತು ಬಟ್ಟಲಿಗೆ ಹುರಿದ ಬಾರ್ಲಿಯ ಹಿಟ್ಟು ಹಾಕಿ, ಮೇಲೆ ಅದೇ ಚಹಾ ಸುರಿದು, ಬೆರಳಲ್ಲಿ ಕಲಸಿ ಉಂಡೆ ಮಾಡಿ ಕೊಟ್ಟರು. ತ್ಸಾಂಪಾ. ನಮ್ಮಲ್ಲಿ ರಾಗಿ ಹುರಿಹಿಟ್ಟಿಗೆ ಹಾಲು, ಬೆಲ್ಲ ಹಾಕಿ ಕಲಸುತ್ತಾರೆ, ಇಲ್ಲಿ ಉಪ್ಪು, ಬೆಣ್ಣೆ. ಹುರಿದ ಧಾನ್ಯದ ಆ ಘಮ ಎರಡು ಕಡೆಯೂ ಒಂದೇ. ನಮ್ಮ ಕಡೆ ಮಾಡುವ ಬಗೆಯನ್ನು ಹೇಳಿದಾಗ ಆಮಾ-ಲೇ ಬೆಲ್ಲದ ಮಾತಿಗೆ ಮುಖ ಸಿಂಡರಿಸಿ ನಕ್ಕರು.

ಕತ್ತಲಾಗುತ್ತಿದ್ದಂತೆ ಆಕೆಯ ಮೊಮ್ಮಗಳು ಎದ್ದು ಕಿಟಕಿಗಳಿಗೆ ದಪ್ಪ ಪರದೆ ಎಳೆದಳು. 2022ರಲ್ಲಿ ಹಾನ್ಲೆಯ ಸುತ್ತಲ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದ ಮೇಲೆ ಮನೆಯ ಬೆಳಕು ಹೊರಗೆ ಚೆಲ್ಲದಂತೆ ನೋಡಿಕೊಳ್ಳುವುದು ಊರಿನ ಕೆಲಸವೇ ಆಗಿದೆ. ಊರಿನ ಹುಡುಗ ಹುಡುಗಿಯರಿಗೆ ಸಣ್ಣ ದೂರದರ್ಶಕ ಕೊಟ್ಟು ತರಬೇತಿಯನ್ನೂ ಕೊಟ್ಟಿದ್ದಾರೆ. ಬಂದ ಅತಿಥಿಗಳಿಗೆ ಅವರೇ ಶನಿಯ ಬಳೆ ತೋರಿಸುತ್ತಾರೆ, ಅದರಿಂದ ಮನೆಗೆ ನಾಲ್ಕು ಕಾಸು ಬರುತ್ತದೆ. ಆ ಪರದೆ ಎಳೆಯುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಯಾವುದೋ ದೊಡ್ಡ ಸಂಸ್ಥೆಯ ಅನುಕೂಲಕ್ಕೆ ಊರಿನವರು ಕತ್ತಲಲ್ಲಿ ಕೂರಬೇಕಾದರೆ ಅದು ಅನ್ಯಾಯ. ಕತ್ತಲೆಯಲ್ಲಿ ಅವರಿಗೂ ಪಾಲು ಸಿಕ್ಕರೆ ಅದರ ಅರ್ಥವೇ ಬೇರೆ.

ಮರುದಿನ ಮಧ್ಯಾಹ್ನ ಬೆಟ್ಟ ಹತ್ತಿದೆವು. ದೂರದರ್ಶಕ ಇರುವ ಬೆಟ್ಟಕ್ಕೆ ಈಗ ಸರಸ್ವತಿ ಪರ್ವತ ಎಂಬ ಹೆಸರಿದೆ, ಸ್ಥಳೀಯರಿಗೆ ಅದು ದಿಗ್ಪಾ-ರತ್ಸಾ ರಿ. ಅಲ್ಲಿ ನಮ್ಮನ್ನು ಎದುರುಗೊಂಡವರು ಊರಿನವರೇ ಆದ ಮಧ್ಯವಯಸ್ಕ ಸಿಬ್ಬಂದಿ. ಕಿರಿಯರು ಅವರನ್ನು ಅಚೋ-ಲೇ, ಅಂದರೆ ಅಣ್ಣ ಎನ್ನುತ್ತಿದ್ದರು. 90ರ ದಶಕದಲ್ಲಿ ಬೆಂಗಳೂರಿನವರು ಇಲ್ಲಿಗೆ ಬಂದು ಗಾಳಿ, ಮೋಡ, ತೇವ ಅಳೆಯುತ್ತಿದ್ದಾಗ ತಾವಿನ್ನೂ ಹುಡುಗ ಎಂದರು. 2000ದ ಸೆಪ್ಟೆಂಬರಿನಲ್ಲಿ ಈ ದೂರದರ್ಶಕಕ್ಕೆ ಮೊದಲ ಬೆಳಕು ಬಿತ್ತು. ವರ್ಷದಲ್ಲಿ ಸುಮಾರು 260 ರಾತ್ರಿ ರೋಹಿತ (ಬಣ್ಣಗಳಾಗಿ ಬಿಡಿಸಿದ ನಕ್ಷತ್ರದ ಬೆಳಕು) ತೆಗೆಯುವಷ್ಟು ತಿಳಿಯಾಗಿರುವ ಆಕಾಶ ಇಲ್ಲಿಯದು. ಚಳಿಗಾಲದಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿದರೂ ಗುಮ್ಮಟದ ಹಿಮ ಕೆರೆಯುವವರು, ಕೆಟ್ಟ ಮೋಟಾರು ಸರಿಮಾಡುವವರು ಇವರೇ. ಸಂಶೋಧನಾ ಪತ್ರಿಕೆಗಳಲ್ಲಿ ಪ್ರಬಂಧದ ಕೊನೆಗೆ ಬರುವ ಒಂದು ಸಾಲಿನ ಕೃತಜ್ಞತೆಯಲ್ಲಿ 'ಹಾನ್ಲೆಯ ಸಿಬ್ಬಂದಿ' ಎಂದು ಇವರೆಲ್ಲ ಸೇರಿಹೋಗುತ್ತಾರೆ. ಆ ಸಾಲು ಇನ್ನಷ್ಟು ಉದ್ದ ಇರಬೇಕು ಎಂದು ನನ್ನ ಅಭಿಪ್ರಾಯ.

ದೂರದರ್ಶಕದ ಕನ್ನಡಿಯ ಅಗಲ ಎರಡು ಮೀಟರ್. ಹಗಲಿನಲ್ಲಿ ಅದು ಮುಚ್ಚಿರುತ್ತದೆ. ನನಗೆ ಹೆಚ್ಚು ಕುತೂಹಲವಿದ್ದದ್ದು ರೋಹಿತದರ್ಶಕದ ಮೇಲೆ. ನಕ್ಷತ್ರದ ಬೆಳಕು ದೂರದರ್ಶಕದಿಂದ ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಇಳಿದು, ಕೆಳಗಿನ ಮುಚ್ಚಿದ ಕೋಣೆಯಲ್ಲಿರುವ ಆ ಉಪಕರಣ ಸೇರುತ್ತದೆ. ನ್ಯೂಜಿಲೆಂಡ್‌ನಲ್ಲಿ ತಯಾರಾಗಿ ಬಂದದ್ದು. ಕೋಣೆಯ ಉಷ್ಣತೆ ಸ್ವಲ್ಪವೂ ಏರುಪೇರಾಗಬಾರದು, ಆದ್ದರಿಂದ ಬಾಗಿಲು ತೆರೆಯುವಂತಿಲ್ಲ. ಬಾಗಿಲ ಮೇಲೆ ಅಂಗೈ ಇಟ್ಟು ನಿಂತೆ. ಒಳಗಿಂದ ಯಂತ್ರದ ಸಣ್ಣ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತಿತ್ತು.

"ಬಂದವರೆಲ್ಲ ಕಣ್ಣಿಟ್ಟು ನೋಡೋದು ಎಲ್ಲಿ ಅಂತ ಕೇಳ್ತಾರೆ. ನೀವು ಕೇಳಲಿಲ್ಲ" ಎಂದರು ಅಚೋ-ಲೇ.

ರಾತ್ರಿ ಗುಮ್ಮಟಕ್ಕೆ ಪ್ರವೇಶವಿಲ್ಲ. ಊರಿನ ಹೊರಗೆ, ಕಟಾವಾದ ಬಾರ್ಲಿ ಹೊಲದ ಅಂಚಿನಲ್ಲಿ ಕಂಬಳಿ ಹೊದ್ದು ನಿಂತೆ. ಚಂದ್ರ ಬಯಲನ್ನೆಲ್ಲ ಬೆಳಗಿತ್ತು. ಗೊಂಪಾದ, ಅಂದರೆ ಬೌದ್ಧ ಮಠದ ಬಿಳಿ ಗೋಡೆ, ಹೆಪ್ಪುಗಟ್ಟಲು ತೊಡಗಿದ್ದ ಹೊಳೆಯ ಅಂಚು, ಬೆಟ್ಟದ ಮೇಲಿನ ಗುಮ್ಮಟ ಎಲ್ಲವೂ ಸ್ಪಷ್ಟ. ತೆರೆದ ಗುಮ್ಮಟ ನಿಧಾನಕ್ಕೆ ತಿರುಗಿ ದಕ್ಷಿಣದ ಕಡೆಗೆ, ಪೆಗಾಸಸ್ ಎನ್ನುವ ರೆಕ್ಕೆಯ ಕುದುರೆಯ ಪುಂಜದತ್ತ ನಿಂತಿತು. ಆ ರಾತ್ರಿಯ ಪಟ್ಟಿಯಲ್ಲಿ ಹೆಚ್‌ಡಿ 209621 ಎಂಬ ನಕ್ಷತ್ರ ಇದೆಯೆಂದು ನನಗೆ ಮೊದಲೇ ತಿಳಿಸಿದ್ದರು. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಅದರಲ್ಲಿ ಕಬ್ಬಿಣ ಸೂರ್ಯನದರ ನೂರರಲ್ಲಿ ಒಂದು ಪಾಲಿನ ಆಸುಪಾಸು. ಇಂಗಾಲ, ಬೇರಿಯಂ ಬೇಕಾದಷ್ಟು.

ಇಂಥದ್ದರ ಕಥೆ ಹೀಗೆ. ಒಂದು ಕಾಲದಲ್ಲಿ ಅದಕ್ಕಿಂತ ತೂಕದ ನಕ್ಷತ್ರವೊಂದು ಪಕ್ಕದಲ್ಲಿತ್ತು. ತೂಕ ಹೆಚ್ಚಿದ್ದರಿಂದ ಬೇಗ ಮುದಿಯಾಗಿ ಉಬ್ಬಿತು. ಅದರ ಒಡಲಲ್ಲಿ ಹೀಲಿಯಂ ಉರಿದು ಇಂಗಾಲವಾಯಿತು. ಅಲ್ಲಿದ್ದ ಅಷ್ಟಿಷ್ಟು ಕಬ್ಬಿಣ ನ್ಯೂಟ್ರಾನ್‌ಗಳನ್ನು ಒಂದೊಂದಾಗಿ ಹಿಡಿದುಕೊಂಡು ಬೇರಿಯಂ, ಸೀಸದವರೆಗೆ ಬೆಳೆಯಿತು. ಒಳಗಿನದು ಮೇಲಕ್ಕೆದ್ದು, ಹೊರಗೆ ಹರಿದು, ಪಕ್ಕದ ನಕ್ಷತ್ರದ ಮೇಲೆ ಬಿತ್ತು. ಕೊಟ್ಟ ನಕ್ಷತ್ರ ಕೊನೆಗೆ ಭೂಮಿಯ ಗಾತ್ರಕ್ಕೆ ಕುಗ್ಗಿ ಶ್ವೇತಕುಬ್ಜವಾಗಿ ಉಳಿಯಿತು. ಬೂದಿ ಮುಚ್ಚಿದ ಕೆಂಡ. ಪಡೆದುಕೊಂಡದ್ದು ಜೋರಾಗಿ ಬೆಳಗುತ್ತಿರುವಾಗ ಅದರ ಮಗ್ಗುಲಲ್ಲಿ ಇದು ಕಾಣುವುದಿಲ್ಲ. ಆದರೆ ಅದರಲ್ಲಿ ಉಳಿದ ತೂಕ ಎಲ್ಲಿಗೂ ಹೋಗುವುದಿಲ್ಲವಲ್ಲ. ಎರಡೂ ಪರಸ್ಪರ ಸುತ್ತುತ್ತಲೇ ಇರುತ್ತವೆ. ಹಾಗಾಗಿ ಕಾಣುವ ನಕ್ಷತ್ರ ಒಮ್ಮೆ ನಮ್ಮತ್ತ, ಒಮ್ಮೆ ನಮ್ಮಿಂದಾಚೆ ಸರಿಯುತ್ತದೆ. ನಮ್ಮತ್ತ ಬಂದಾಗ ರೋಹಿತದ ಗೆರೆಗಳು ನೀಲಿಯ ಕಡೆಗೆ, ಆಚೆ ಹೋದಾಗ ಕೆಂಪಿನ ಕಡೆಗೆ ಒಂದಿಷ್ಟು ಜರುಗುತ್ತವೆ. ವೇಗ ಸೆಕೆಂಡಿಗೆ ಕೆಲವೇ ಕಿಲೋಮೀಟರ್. ಅದನ್ನು ಅಳೆಯುತ್ತಿರುವ ಭೂಮಿಯೇ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಆ ವೇಗವನ್ನು ಮೊದಲು ಕಳೆಯಬೇಕು.

ಒಂದು ಸಲ ಅಳೆದರೆ ಏನೂ ತಿಳಿಯುವುದಿಲ್ಲ. ಎಷ್ಟೋ ತಿಂಗಳು ಬಿಟ್ಟು ಮತ್ತೆ ಅಳೆಯಬೇಕು, ಮತ್ತೆ, ಮತ್ತೆ. ಕೆನಡಾದ ವಿಕ್ಟೋರಿಯಾದಲ್ಲಿ ರಾಬರ್ಟ್ ಮೆಕ್ಲೂರ್ ಹಾಗೆ ವರ್ಷಗಟ್ಟಲೆ ಅಳೆದವರು. ಬೇರಿಯಂ ತುಂಬಿದ ದೈತ್ಯ ನಕ್ಷತ್ರಗಳು ಜೋಡಿಗಳೆಂದು 1980ರಲ್ಲಿ, ಇಂಗಾಲ ತುಂಬಿದ ಹಳೆಯ ನಕ್ಷತ್ರಗಳೂ ಹಾಗೆಯೇ ಎಂದು 1984ರಲ್ಲಿ ತೋರಿಸಿದರು. ಪೆಗಾಸಸ್‌ನ ಈ ನಕ್ಷತ್ರ ತನ್ನ ಕಾಣದ ಜೊತೆಗಾರನೊಂದಿಗೆ ಒಂದು ಸುತ್ತು ಮುಗಿಸಲು 407 ದಿನ ತೆಗೆದುಕೊಳ್ಳುತ್ತದೆ ಎಂಬ ಲೆಕ್ಕವೂ ಅವರ ಕೆಲಸದಿಂದಲೇ ಬಂದದ್ದು. ನಮ್ಮ ವರ್ಷಕ್ಕಿಂತ ಸುಮಾರು ಒಂದೂವರೆ ತಿಂಗಳು ಹೆಚ್ಚು, ಅಷ್ಟೇ.

ಗುಮ್ಮಟ ಅದೇ ದಿಕ್ಕಿನಲ್ಲಿ ಬಹಳ ಹೊತ್ತು ನಿಂತಿತ್ತು. ಚಳಿ ಕಂಬಳಿಯೊಳಗೆ ನುಗ್ಗಿ ಬೆರಳು ಮರಗಟ್ಟಿದರೂ ನನಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ. ಸುತ್ತ ಯಾರೂ ಇರಲಿಲ್ಲ. ಅಷ್ಟು ದೊಡ್ಡ ಯಂತ್ರ ತಿರುಗಿದ್ದು ಹೊಸಕೋಟೆಯಲ್ಲಿ ಸ್ವೆಟರೂ ಇಲ್ಲದೆ ಕೂತವರೊಬ್ಬರ ಬೆರಳ ತುದಿಯಿಂದ ಎಂಬುದು ನೆನಪಾದಾಗ ನನ್ನ ನಾಡು ಬಹಳ ಹತ್ತಿರ ಇದ್ದಂತೆನಿಸಿತು.

ಬೆಳಗ್ಗೆ ಗೊಂಪಾಕ್ಕೆ ಹೋದೆ. ಹದಿನೇಳನೆಯ ಶತಮಾನದ್ದು, ಲಡಾಖಿನ ರಾಜ ಸೆಂಗೆ ನಾಮ್‌ಗ್ಯಾಲ್‌ನ ಕಾಲದ್ದು. ಆ ರಾಜ 1642ರಲ್ಲಿ ತೀರಿಕೊಂಡದ್ದೂ ಈ ಹಾನ್ಲೆಯಲ್ಲೇ. ಮಣ್ಣಿನ ಕಡಿದಾದ ಮೆಟ್ಟಿಲುಗಳನ್ನು ಉಸಿರು ತೆಗೆದುಕೊಳ್ಳುತ್ತಾ ಹತ್ತಿ ಮೇಲೆ ನಿಂತರೆ, ಒಂದು ಕಡೆ ಬಯಲಿನುದ್ದಕ್ಕೂ ಸುತ್ತಿ ಸುತ್ತಿ ಹರಿಯುವ ಹೊಳೆ, ಇನ್ನೊಂದು ಕಡೆ ನೇರ ಎದುರಿಗೆ ದೂರದರ್ಶಕದ ಬೆಟ್ಟ. ಬೆಂಗಳೂರಿನವರು ಅಲ್ಲಿನ ರೋಹಿತದರ್ಶಕದಿಂದ ಕಬ್ಬಿಣ ಕಡಿಮೆಯಿರುವ ನಕ್ಷತ್ರಗಳನ್ನು ಹುಡುಕಿದ ಸಮೀಕ್ಷೆಗೆ 'ಗೊಂಪಾ' ಎಂದೇ ಹೆಸರು ಬರುವಂತೆ ಅಕ್ಷರ ಜೋಡಿಸಿಕೊಂಡಿದ್ದಾರೆ. ದೀಪಕ್ಕೆ ಬೆಣ್ಣೆ ತುಂಬುತ್ತಿದ್ದ ವಯಸ್ಸಾದ ಲಾಮಾ ಒಬ್ಬರಿಗೆ ಇದನ್ನು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಚೆನ್ನಾಗಿದೆ ಎಂಬಂತೆ ತಲೆ ಆಡಿಸಿ, ಅಲ್ಲಿ ಏನು ಹುಡುಕುತ್ತಾರೆ ಎಂದು ಕೇಳಿದರು. ನಕ್ಷತ್ರಕ್ಕೆ ಜೊತೆ ಇದೆಯೋ ಇಲ್ಲವೋ ನೋಡುತ್ತಾರೆ ಎಂದೆ. ಬತ್ತಿ ಸರಿಮಾಡುತ್ತಲೇ ಅವರು, "ಇಲ್ಲ ಅಂತ ಹೇಗೆ ಗೊತ್ತಾಗುತ್ತೆ?" ಎಂದರು.

ಈ ಪ್ರವಾಸದಿಂದ ಬಂದ ಮೇಲೂ ನನ್ನನ್ನು ಬಿಡದಿರುವುದು ಆ ಪ್ರಶ್ನೆ. ನನಗೆ ಅಲ್ಲಿ ಉತ್ತರ ತೋಚಲಿಲ್ಲ. ಲೇಹ್‌ಗೆ ವಾಪಸಾಗುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಅಟ್ಲಾಂಟಿಕ್ ಸಾಗರದ ಲಾ ಪಾಲ್ಮಾ ದ್ವೀಪದಲ್ಲಿ ನಾರ್ಡಿಕ್ ದೂರದರ್ಶಕವಿದೆ, ಕನ್ನಡಿ ಹಾನ್ಲೆಯದಕ್ಕಿಂತ ತುಸು ದೊಡ್ಡದು. ಅಲ್ಲಿ ಟೆರೀಸ್ ಹಾನ್ಸನ್ ಮತ್ತು ಸಂಗಡಿಗರು ಸುಮಾರು ಎಂಟು ವರ್ಷ, ತಿಂಗಳಿಗೊಮ್ಮೆಯಂತೆ, ಇಂಗಾಲ ತುಂಬಿದ ಹಳೆಯ ನಕ್ಷತ್ರಗಳ ವೇಗ ಅಳೆದರು. 2016ರಲ್ಲಿ ಪ್ರಕಟವಾದ ಫಲಿತಾಂಶ: ಬೇರಿಯಂ ಕೂಡ ಇರುವ 22ರಲ್ಲಿ 18 ಜೋಡಿಗಳು. ಇಂಗಾಲ ಇದ್ದು ಬೇರಿಯಂ ಇಲ್ಲದ 24ರಲ್ಲಿ ಜೋಡಿಗಳು ನಾಲ್ಕೇ. ಎರಡನೆಯ ಗುಂಪಿಗೆ ಇಂಗಾಲ ಕೊಟ್ಟದ್ದು ಸಂಗಾತಿಯಲ್ಲ ಎನ್ನಲು ಇದು ದೊಡ್ಡ ಆಧಾರ. ಅವು ಹುಟ್ಟಿದ ಮೋಡದಲ್ಲೇ ಇಂಗಾಲ ಇದ್ದಿರಬೇಕು. ವಿಶ್ವದ ಮೊಟ್ಟಮೊದಲ ದೈತ್ಯ ನಕ್ಷತ್ರಗಳು ಸಿಡಿದಾಗ ಕಬ್ಬಿಣ ಒಳಕ್ಕೇ ಕುಸಿದು, ಹೊರಪದರದ ಇಂಗಾಲ ಮಾತ್ರ ಚೆಲ್ಲಿರಬಹುದು. ಹಾಗಿದ್ದರೆ ನಾವು ಓದುತ್ತಿರುವುದು ಆ ಮೊದಲ ನಕ್ಷತ್ರಗಳು ಬಿಟ್ಟುಹೋದ ಗುರುತನ್ನು. ಯಾರ ಕಣ್ಣಿಗೂ ಇನ್ನೂ ಬೀಳದ ನಕ್ಷತ್ರಗಳು ಅವು. ಇದಕ್ಕಿಂತ ದೊಡ್ಡ ವಿಷಯ ಖಗೋಳ ವಿಜ್ಞಾನದಲ್ಲಿ ನನಗೆ ತಿಳಿದಂತೆ ಕಡಿಮೆ.

ಆದರೆ ಇದೆಲ್ಲ ನಿಂತಿರುವುದು 'ಜೋಡಿ ಇಲ್ಲ' ಎಂಬ ಮಾತಿನ ಮೇಲೆ. ಮೊದಲ ಗುಂಪಿನಲ್ಲಿ ಉಳಿದ ಆ ನಾಲ್ಕನ್ನೇ ನೋಡಿ. ಬೇರಿಯಂ ಇದೆ, ಕೊಟ್ಟವರ ಸುಳಿವಿಲ್ಲ. ಇದಕ್ಕಿಂತ ಕಾಡುವುದು ಎರಡನೆಯ ಗುಂಪಿನ ಬಗೆಯ ಹೆಚ್‌ಇ 0107-5240 ಎಂಬ ನಕ್ಷತ್ರ. 2002ರಲ್ಲಿ ಪತ್ತೆಯಾದ ಇದರಲ್ಲಿ ಕಬ್ಬಿಣ ಸೂರ್ಯನದರ ಸುಮಾರು ಎರಡು ಲಕ್ಷದಲ್ಲಿ ಒಂದು ಪಾಲು. ಆಗ ಅಷ್ಟು ಕಡಿಮೆ ಕಬ್ಬಿಣದ ನಕ್ಷತ್ರ ಬೇರೊಂದು ಗೊತ್ತೇ ಇರಲಿಲ್ಲ. ದಕ್ಷಿಣದ ಆಕಾಶದ್ದಾದ್ದರಿಂದ ಹಾನ್ಲೆಗೆ ಎಟುಕುವುದಿಲ್ಲ. ಮೊದಮೊದಲು ಅದರ ವೇಗದಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಬಹಳ ವರ್ಷಗಳ ನಂತರ ಅಳತೆಗಳೆಲ್ಲ ಸೇರಿದಾಗ ಅದು ನಿಧಾನವಾಗಿ ಜರುಗುತ್ತಿದೆ ಎಂದು ತಿಳಿಯಿತು. ಚಿಲಿಯ ದೊಡ್ಡ ದೂರದರ್ಶಕದ ಎಸ್ಪ್ರೆಸೊ ಎಂಬ ಉಪಕರಣದ ಅಳತೆಗಳನ್ನೂ ಸೇರಿಸಿ 2022ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಒಂದು ಸುತ್ತಿಗೆ ಸುಮಾರು 13,000 ದಿನ. ಮೂವತ್ತಾರು ವರ್ಷಕ್ಕೆ ಹತ್ತಿರ ಹತ್ತಿರ.

ಊರಿಗೆ ಬಂದು ಸುಧಾರಿಸಿಕೊಂಡ ಮೇಲೆ ಹೊಸಕೋಟೆಗೆ ಹೋದೆ. ಶಿಡ್ಲಘಟ್ಟ ರಸ್ತೆಯ ಪಕ್ಕದ ಆ ಆವರಣದಲ್ಲಿ ಮರಗಳು ದಟ್ಟ. ಇಷ್ಟು ಬೇಗ ಉಸಿರು ಸಿಗುತ್ತದಲ್ಲ ಎಂಬುದೇ ಆ ದಿನ ಹೊಸದಾಗಿತ್ತು. ನಿಯಂತ್ರಣ ಕೊಠಡಿಯಲ್ಲಿ ಗೋಡೆಯುದ್ದಕ್ಕೂ ಪರದೆಗಳು, ಒಂದರಲ್ಲಿ ಹಾನ್ಲೆಯ ಗಾಳಿ, ತೇವಾಂಶದ ಅಂಕಿಗಳು. ಅಚೋ-ಲೇ ಫೋನಿನಲ್ಲಿದ್ದರು; ಧ್ವನಿ ಕೇಳಿ ಗುರುತು ಹಿಡಿದೆ, ನಮಸ್ಕಾರ ಹೇಳಿದೆ.

ನಾನು ಹೊಲದ ಅಂಚಿನಲ್ಲಿ ನಿಂತಿದ್ದ ರಾತ್ರಿಯ ರೋಹಿತವನ್ನು ಪಿಎಚ್‌ಡಿ ಮಾಡುತ್ತಿರುವ ಆ ಹುಡುಗಿ ತೆರೆದಳು. ನನಗೆ ಮೊದಲು ಕಂಡದ್ದು ಕಪ್ಪು ಹಿನ್ನೆಲೆಯ ಮೇಲೆ ಒಂದರ ಕೆಳಗೊಂದು ಬಾಗಿದ ಬಿಳಿ ಎಳೆಗಳು. ಥೋರಿಯಂ-ಆರ್ಗಾನ್ ದೀಪದ ಚುಕ್ಕೆಗಳನ್ನು ಅಳತೆಪಟ್ಟಿಯಾಗಿಟ್ಟುಕೊಂಡು ಅವನ್ನೆಲ್ಲ ಒಂದೇ ಸಾಲಾಗಿ ಬಿಡಿಸುತ್ತಾರೆ. 430 ನ್ಯಾನೋಮೀಟರಿನ ಬಳಿ ಇಂಗಾಲ-ಜಲಜನಕದ ಅಣುಗಳು ಬೆಳಕನ್ನು ಬಾಚಿಕೊಂಡು ರೋಹಿತದಲ್ಲಿ ದೊಡ್ಡ ಹಳ್ಳವನ್ನೇ ಮಾಡಿದ್ದವು. ಆಕೆ ಬೆರಳಿಟ್ಟು 455.4ರ ಬೇರಿಯಂ ಗೆರೆ ತೋರಿಸಿದಳು, ಅಗಲ, ಆಳ. ಅಕ್ಕಪಕ್ಕದ ಕಬ್ಬಿಣದ ಗೆರೆಗಳು ಅದರ ಮುಂದೆ ಸಪೂರ. ಅದು ಇನ್ನೊಂದು ನಕ್ಷತ್ರದಲ್ಲಿ ಬೆಂದ ಬೇರಿಯಂ. ಆ ಇನ್ನೊಂದು ಈಗಲೂ ಅಲ್ಲೇ ಸುತ್ತುತ್ತಿದೆ. ಪರದೆಯ ಮೇಲೆ ಎಲ್ಲೂ ಅದರ ಬೆಳಕಿಲ್ಲ.

ಆಮೇಲೆ ಇನ್ನೊಂದು ನಕ್ಷತ್ರದ ಗ್ರಾಫ್ ತೆಗೆದಳು. ಕೆಳಗೆ ದಿನಾಂಕ, ಪಕ್ಕದಲ್ಲಿ ವೇಗ, ಚುಕ್ಕೆಗಳೆಲ್ಲ ನೂಲು ಹಿಡಿದಂತೆ ನೇರ. ಇಂಗಾಲ ಇದೆ, ಬೇರಿಯಂ ಇಲ್ಲ.

"ಹಾಗಾದ್ರೆ ಇದು ಒಂಟಿ, ಅಲ್ವಾ?" ಎಂದೆ.

"ಒಂಟಿ ಅಂತ ಬರೆಯಲ್ಲ ಮೇಡಂ. ಈ ತಾರೀಖಿಂದ ಈ ತಾರೀಖಿನ ತನಕ ನೋಡಿದ್ವಿ, ಇಷ್ಟಕ್ಕಿಂತ ಹೆಚ್ಚಿನ ಬದಲಾವಣೆ ಕಾಣ್ಲಿಲ್ಲ ಅಂತ ಬರೀತೀವಿ. ಪ್ರತಿ ಅಳತೆನೂ ಕೋಷ್ಟಕದಲ್ಲಿ ಹಾಕ್ತೀವಿ. ಮುಂದೆ ನೋಡೋರಿಗೆ ಅದು ಬೇಕಾಗುತ್ತೆ."

ಗೊಂಪಾದ ಲಾಮಾ ಕೇಳಿದ್ದಕ್ಕೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಗುತ್ತಿರಲಿಲ್ಲ. ಪೆಗಾಸಸ್‌ನ ನಕ್ಷತ್ರದ ಕೋಷ್ಟಕವನ್ನೂ ತೋರಿಸು ಎಂದೆ. ಅದರ ಮೊದಲ ಸಾಲುಗಳು ವಿಕ್ಟೋರಿಯಾದಲ್ಲಿ, ಈ ಹುಡುಗಿ ಹುಟ್ಟುವ ಮೊದಲೇ ಅಳೆದವು. ಕೊನೆಯದು ಆ ಹುಣ್ಣಿಮೆಯದು. ನೇರ ಗೆರೆಯ ನಕ್ಷತ್ರಕ್ಕೆ ಇನ್ನೂ ಅಷ್ಟು ಸಾಲುಗಳಿಲ್ಲ. ಮೂವತ್ತಾರು ವರ್ಷದ ಸುತ್ತಿನ ವಿಷಯ ಎತ್ತಿದಾಗ, "ಅಷ್ಟೊತ್ತಿಗೆ ನಾನು ರಿಟೈರ್ ಆಗಿರ್ತೀನಿ" ಎಂದು ಸಹಜವಾಗಿ ಹೇಳಿ, ಮುಂದಿನ ಅವಧಿಗೆ ದೂರದರ್ಶಕದ ಸಮಯ ಕೇಳುವ ಅರ್ಜಿಯ ಕಡೆ ತಿರುಗಿದಳು. ಕಡೆಯ ದಿನ ಹತ್ತಿರ ಬಂದಿತ್ತು. ಒಂದೊಂದು ನಕ್ಷತ್ರದ ಮುಂದೆಯೂ ಅದನ್ನು ಏಕೆ ನೋಡಬೇಕು ಎಂದು ಬರೆಯಬೇಕು, ಸಮಯ ಹಂಚುವ ಸಮಿತಿ ಅದನ್ನು ಓದಿ ನಿರ್ಧರಿಸುತ್ತದೆ. ಆ ನೇರ ಗೆರೆಯ ನಕ್ಷತ್ರದ ಮುಂದಿನ ಜಾಗ ಇನ್ನೂ ಖಾಲಿಯಿತ್ತು.

"ಇದಕ್ಕೆ ಹೊಸ ಕಾರಣ ಏನೂ ಇಲ್ಲ ಮೇಡಂ, ಇನ್ನೂ ಸಾಕಷ್ಟು ನೋಡಿಲ್ಲ ಅನ್ನೋದೇ ಕಾರಣ. ಹಾಗೆ ಬರೆದ್ರೆ ಒಪ್ತಾರಾ?"

ಒಪ್ಪಬೇಕು, ಹಾಗೆಯೇ ಬರೆಯಿರಿ ಎಂದೆ.